ಸತ್ತ ತೊಟ್ಟಿಗೆ ಹೆಪ್ಪು

ನನ್ನ ಅಡುಗೆಮನೆಯ ಕಿಟಕಿಯ ಹೊರಗೆ, ಹತ್ತು ಹೆಜ್ಜೆ ದೂರದಲ್ಲಿ, ಒಂದು ದೊಡ್ಡ ಸಿಮೆಂಟಿನ ತೊಟ್ಟಿ ಇತ್ತು. ಅದರಲ್ಲಿ ಕಂದು ಬಣ್ಣದ ನೀರು ಹಗಲೂ ರಾತ್ರಿ ಕೊತಕೊತ ಕುದಿಯುತ್ತಿತ್ತು. ಬೆಂಕಿಯಿಂದಲ್ಲ, ಗಾಳಿಯಿಂದ. ಪಕ್ಕದ ಶೆಡ್ಡಿನಲ್ಲಿದ್ದ ಒಂದು ಯಂತ್ರ, ಅದಕ್ಕೆ ಬ್ಲೋವರ್ ಅನ್ನುತ್ತಿದ್ದರು, ತೊಟ್ಟಿಯ ತಳದಿಂದ ಗಾಳಿ ಊದುತ್ತಿತ್ತು. ಮದುವೆಯಾಗಿ ಬಂದ ಮೊದಲ ದಿನ ಆ ಕಿಟಕಿ ತೆರೆದು ನೋಡಿದೆ, ಮುಚ್ಚಿದೆ. ಆಮೇಲೆ ಎರಡು ವರ್ಷ ತೆರೆಯಲಿಲ್ಲ. ಒಲೆಯ ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ರೊಟ್ಟಿ ಬಡಿದೆನೇ ಹೊರತು ಚಿಲಕಕ್ಕೆ ಕೈ ಹಾಕಲಿಲ್ಲ. ನನ್ನ ಹಟವೇ ಅಂಥದ್ದು.

ಐವತ್ತರ ದಶಕದ ನಡುವಿನ ವರ್ಷಗಳು ಅವು. ಚೆಂಬೂರಿನಲ್ಲಿ ಆಗ ಹೊಸ ಹೊಸ ಕಾಲನಿಗಳು ಏಳುತ್ತಿದ್ದವು. ಅಂಥ ಒಂದು ಕಾಲನಿಯ ಸಂಡಾಸು, ಬಚ್ಚಲು, ಅಡುಗೆಮನೆಗಳ ಹೊಲಸು ನೀರೆಲ್ಲ ಕೊಳವೆಗಳಲ್ಲಿ ಹರಿದು ನಾವಿದ್ದ ಸಣ್ಣ ಕಾರ್ಖಾನೆಗೆ ಬಂದು, ಅಲ್ಲಿ ಶುದ್ಧವಾಗಿ ಖಾಡಿಗೆ, ಅಂದರೆ ಸಮುದ್ರದ ಹಿನ್ನೀರಿಗೆ, ಹೋಗುತ್ತಿತ್ತು. ನನ್ನ ಗಂಡ ಅದರ ಆಪರೇಟರ್. ಕಂಪೌಂಡಿನೊಳಗೇ ಎರಡು ಕೋಣೆಯ ಕ್ವಾರ್ಟರ್ಸು. ಆದರೆ ನೌಕರಿ ಇನ್ನೂ ಟೆಂಪರರಿ. ಎರಡು ವರ್ಷ ಕೆಲಸ ನೋಡಿ, ದೊಡ್ಡ ಸಾಹೇಬರು ಬಂದು ತಪಾಸಣೆ ಮಾಡಿ, ಒಪ್ಪಿದರೆ ಕಾಯಂ. ಒಪ್ಪದಿದ್ದರೆ ನೌಕರಿಯೂ ಇಲ್ಲ, ಮನೆಯೂ ಇಲ್ಲ. ಆ ಮುಂಬೈಯಲ್ಲಿ ತಲೆಯ ಮೇಲೆ ಒಂದು ಸೂರು ಸಿಗುವುದೆಂದರೇನು ಎಂದು ಚಾಳಿನಲ್ಲಿ ಹತ್ತು ಜನರ ನಡುವೆ ಮಲಗಿದವರಿಗೇ ಗೊತ್ತು. ನನ್ನ ಗಂಡ ಹಾಗೆ ಆರು ವರ್ಷ ಮಲಗಿದ್ದವರು.

ನಮ್ಮಪ್ಪ ಬೆಳಗಾವಿಯಲ್ಲಿ ಅರಿವೆ ಅಂಗಡಿ ಇಟ್ಟವರು. ಮದುವೆಯ ಮಾತುಕತೆಯಲ್ಲಿ ನಡುವಿನವರು ಹೇಳಿದ್ದು "ಮುಂಬೈ ಮುನ್ಸಿಪಾಲ್ಟಿ, ನೀರಿನ ಖಾತೆ" ಎಂದಷ್ಟೇ. ಅದು ಎಂಥ ನೀರು ಎಂದು ಅಪ್ಪ ಕೇಳಲಿಲ್ಲ. ನನ್ನ ಗಂಡ ಪುಣ್ಯಾತ್ಮ, ಮುಂಬೈಗೆ ಬರುವಾಗ ರೈಲಿನಲ್ಲೇ ನನಗೆ ಎಲ್ಲ ಬಿಡಿಸಿ ಹೇಳಿದರು. "ನಿಮ್ಮ ಮನಿಗೂ ಬರಿ. ಮುಚ್ಚಿಡೂದು ಬ್ಯಾಡ" ಎಂದರು. ನಾನು ಹೂಂ ಎಂದೆ. ಮುಂದೆ ಎಷ್ಟೋ ಸಲ ಕೇಳಿದರು, "ಅಪ್ಪಾರಿಗೆ ಬರದೀ ಇಲ್ಲೋ?" "ಬರದೀನ್ರಿ, ಬರದೀನಿ. ಎಷ್ಟು ಸಲ ಕೇಳ್ತೀರಿ?" ಎಂದು ರೇಗುತ್ತಿದ್ದೆ. ಬರೆದಿರಲಿಲ್ಲ. ನನ್ನ ಅಕ್ಕನ ಗಂಡ ಮಾಸ್ತರ, ತಂಗಿಗೆ ನೋಡಿದ ಹುಡುಗ ಪೋಸ್ಟಾಫೀಸಿನವನು. ನಾನೊಬ್ಬಳು ಗಟಾರದವನ ಹೆಂಡತಿ ಎಂದು ಬರೆಯಲು ಕೈ ಏಳಲಿಲ್ಲ.

ಹೀಗಿರುವಾಗ ನನಗೆ ಏಳನೇ ತಿಂಗಳು. ಚೊಚ್ಚಲು ಬಾಣಂತನ ತವರಿನಲ್ಲೇ ಆಗಬೇಕಲ್ಲ, ಅಪ್ಪನ ಕಾಗದ ಬಂತು: ಬರುವ ಶುಕ್ರವಾರ ಬರುತ್ತೇನೆ, ವಾರವಿದ್ದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ, ಅಳಿಯನ ಮನೆ ನೋಡಿದ ಹಾಗೂ ಆಗುತ್ತದೆ. ಅದೇ ಹೊತ್ತಿಗೆ ಆಫೀಸಿನಿಂದಲೂ ಕಾಗದ ಬಂತು: ಆ ಶುಕ್ರವಾರ ಕಳೆದು ಮುಂದಿನ ಗುರುವಾರ ದೊಡ್ಡ ಸಾಹೇಬರ ತಪಾಸಣೆ. ನನ್ನ ಗಂಡ ಆ ಕಾಗದವನ್ನು ದೇವರ ಮುಂದೆ ಇಟ್ಟು ಬಂದರು. "ಇನ್ನ ಎಂಟು ದಿನಾ ನೀರು ತಿಳಿ ಬಂದ್ರ ಸಾಕು ನೋಡು" ಎಂದರು. ನನಗೆ ಅವರ ಮಾತು ಕಿವಿಗೇ ಬೀಳಲಿಲ್ಲ. ಶುಕ್ರವಾರ ಅಪ್ಪನ ಮೂಗಿಗೆ ಏನು ಬೀಳುತ್ತದೆ ಎಂಬುದೇ ನನ್ನ ಚಿಂತೆ.

ಅಪ್ಪ ಬರುವ ಹಿಂದಿನ ದಿನ, ಗುರುವಾರ ಬೆಳಿಗ್ಗೆ, ನನ್ನ ಗಂಡ ಯಾವುದೋ ಫಾರ್ಮು ಕೊಡಲು ಫೋರ್ಟಿನ ಆಫೀಸಿಗೆ ಹೋದರು. ಸ್ಟೋರಿನ ಕೀಲಿ ಯಾವಾಗಲೂ ಅವರ ಕಿಸೆಯಲ್ಲೇ ಇರಬೇಕು, ಅದು ನಿಯಮ. ಅವತ್ತು ಅಂಗಿ ಬದಲಿಸುವ ಗಡಿಬಿಡಿಯಲ್ಲಿ ಮೊಳೆಗೆ ತೂಗುಹಾಕಿ ಹೋಗಿಬಿಟ್ಟರು. ಕಂಪೌಂಡಿನಲ್ಲಿ ಉಳಿದದ್ದು ಎಲ್ಲರೂ ಮಾಮಾ ಎನ್ನುತ್ತಿದ್ದ ರತ್ನಾಗಿರಿ ಕಡೆಯ ಒಬ್ಬ ಮುದುಕ. ಆತನ ಕೆಲಸ ಗೇಟಿನ ಹತ್ತಿರ. ನೀರು ಒಳಗೆ ಬರುವಲ್ಲಿ ಕಬ್ಬಿಣದ ಸಲಾಕೆಗಳ ಜಾಳಿಗೆ ಇತ್ತು. ಅದಕ್ಕೆ ಸಿಕ್ಕಿಕೊಂಡ ಚಿಂದಿ, ಕಡ್ಡಿ, ಹಣಿಗೆ, ಕೊಬ್ಬರಿ ಕರಟ ಎಲ್ಲವನ್ನೂ ದಂತಾಳೆಯಿಂದ ಕೆರೆದು ತೆಗೆಯುವುದು. ನಿಜವಾದ ನಾತ ಇದ್ದದ್ದು ಅಲ್ಲಿ. ಆದರೆ ನನ್ನ ಸಿಟ್ಟೆಲ್ಲ ಕಿಟಕಿಯಾಚೆಯ ಆ ಕುದಿಯುವ ತೊಟ್ಟಿಯ ಮೇಲೆ. ಅದರ ಹತ್ತಿರ ಹೋಗಿ ಮೂಸಿ ನೋಡಿದವಳೇ ಅಲ್ಲ ನಾನು. ಬಣ್ಣ ನೋಡಿಯೇ ತೀರ್ಮಾನ ಮಾಡಿದ್ದೆ.

ನಮ್ಮ ತವರಿನಲ್ಲಿ ಎಲ್ಲಿ ವಾಸನೆಯೋ ಅಲ್ಲಿ ಫಿನಾಯಿಲ್. ಸ್ಟೋರು ತೆರೆದೆ. ಫಿನಾಯಿಲಿನ ಎರಡು ದೊಡ್ಡ ಡಬ್ಬಿ ಇದ್ದವು, ಬ್ಲೀಚಿಂಗ್ ಪುಡಿಯ ಒಂದು ಚೀಲ ಇತ್ತು. ಕಾಲರಾ ಕಾಣಿಸಿಕೊಂಡ ದಿನಗಳಲ್ಲಿ ಕೊನೆಯ ನೀರಿಗೆ ಚಿಟಿಕೆ ಚಿಟಿಕೆ ಬೆರೆಸಲು ಇಟ್ಟದ್ದಂತೆ ಅದು, ನನಗೇನು ಗೊತ್ತು. ಚೀಲ ಎಳೆಯಲಾಗದೆ ಬಕೆಟ್ಟಿಗೆ ತುಂಬಿ ತುಂಬಿ ಸುರಿದೆ. ಕಣ್ಣು ಉರಿಯಿತು, ಕೆಮ್ಮು ಬಂತು. ಉರಿದಷ್ಟೂ ಔಷಧ ಗಟ್ಟಿ ಎಂದುಕೊಂಡೆ. ಬ್ಲೋವರ್ ನನಗೆ ಸಹಾಯ ಮಾಡಿತು; ಗಾಳಿ ಊದಿ ಊದಿ ಮೂಲೆ ಮೂಲೆಗೂ ಕದಡಿತು. ಅರ್ಧ ತಾಸಿನಲ್ಲಿ ಬಿಳಿ ನೊರೆ ಎದ್ದು ಕಟ್ಟೆಯ ಮೇಲೆ ಹರಿಯಿತು. ಆಹಾ, ಎಂಥ ಸ್ವಚ್ಛ ಎಂದು ನೋಡುತ್ತ ನಿಂತೆ.

ನೊರೆ ನೋಡಿ ಮಾಮಾ ದಂತಾಳೆ ಬಿಟ್ಟು ಓಡಿ ಬಂದ. "ಅಗ ಬಾಯೀ! ಹೇ ಕಾಯ್ ಕೇಲಂಸ್?" ಇದೇನು ಮಾಡಿಬಿಟ್ಟೆ ಎಂದು ಹಣೆ ಹಣೆ ಬಡಿದುಕೊಂಡ. ಈ ಮುದುಕನಿಗೆ ಏನಾಯಿತು, ಸ್ವಚ್ಛ ಮಾಡಿದರೆ ಅಳುತ್ತಾನಲ್ಲ ಎಂದು ನನಗೆ ಸಿಟ್ಟೇ ಬಂತು.

ಮಧ್ಯಾಹ್ನ ನನ್ನ ಗಂಡ ಗೇಟಿನಲ್ಲಿ ಕಾಲಿಡುತ್ತಲೇ ನಿಂತರು. ಮೂಗು ಎತ್ತಿ ಗಾಳಿ ಎಳೆದುಕೊಂಡರು. ಛತ್ರಿ ಎಸೆದು ತೊಟ್ಟಿಗೆ ಓಡಿದರು. ಕಂದು ನೀರು ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಗಾಜಿನ ಜಾಡಿಯಲ್ಲಿ ಅದನ್ನು ತುಂಬಿ ಬೆಳಕಿಗೆ ಹಿಡಿದು ನೋಡಿದರು. ಜಾಡಿ ಕೆಳಗಿಟ್ಟು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತರು.

"ಎಲ್ಲಾ ಸತ್ತು ಹೋದುವಲ್ಲ" ಎಂದರು.

"ಯಾರು ಸತ್ತರು?" ಎಂದೆ.

"ಹುಳ."

"ಹುಳಾ ಸತ್ರ ಛಲೋ ಆತಲ್ರಿ! ಅದಕ್ಕ ಹಾಕೀನಿ ಫಿನಾಯಿಲ್."

ಅವರು ನನ್ನ ಮುಖವನ್ನೇ ನೋಡಿದರು. ಬಡಿಯುತ್ತಾರೇನೋ ಎಂದುಕೊಂಡೆ. ಅವರ ಧ್ವನಿ ಸತ್ತ ಮನೆಯವರ ಧ್ವನಿಯಂತೆ ಇತ್ತು. "ಈ ನೀರು ನಾವು ತೊಳಿಯೂದಿಲ್ಲ, ಹುಚ್ಚಿ. ಹುಳಾ ತೊಳೀತಾವ. ಕಣ್ಣಿಗೆ ಕಾಣೂದಿಲ್ಲ, ಅಷ್ಟು ಸಣ್ಣು. ಹೊಲಸು ಅವುಕ್ಕ ಊಟ. ಗಾಳಿ ಕೊಟ್ರ ತಿಂತಾವ, ಬೆಳೀತಾವ, ಒಂದಕ್ಕೊಂದು ಅಂಟಿ ಗಸಿ ಆಗ್ತಾವ. ಮುಂದಿನ ತೊಟ್ಟ್ಯಾಗ ಗಾಳಿ ಇಲ್ಲ. ಅಲ್ಲಿ ಗಸಿ ತಳಾ ಹಿಡೀತದ, ಮ್ಯಾಲ ತಿಳಿನೀರು ನಿಲ್ತದ. ತಿಳಿನೀರು ಖಾಡಿಗೆ ಬಿಡ್ತೀವಿ. ಗಸಿ ತಿರುಗಿ ಇದ ತೊಟ್ಟಿಗೆ ಹಾಕ್ತೀವಿ."

"ಹೊಲಸು ತಿರುಗಿ ಯಾಕ ಹಾಕ್ತೀರಿ?"

"ನೀ ಹಾಲಿಗೆ ಹೆಪ್ಪು ಯಾಕ ಹಾಕ್ತೀ?"

ಆಗ ತಿಳಿಯಿತು ನನಗೆ. ಒಮ್ಮೆಗೇ, ಪೂರ್ತಿ ತಿಳಿಯಿತು. ಎರಡು ವರ್ಷ ಅವರು ದಿನಾ ಕಾದು, ಗಾಳಿ ಉಣಿಸಿ, ಬೆಳೆಸಿದ ಹೆಪ್ಪನ್ನು ನಾನು ಒಂದು ಬೆಳಿಗ್ಗೆಯಲ್ಲಿ ಸುಟ್ಟು ಹಾಕಿದ್ದೆ. ತಪಾಸಣೆಗೆ ಉಳಿದದ್ದು ಏಳು ದಿನ. ಜೋರಾಗಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ನನ್ನ ಅಳು ನನಗೇ ಬೇಸರವಾಗಿ ಮೂಗು ಒರೆಸಿಕೊಂಡೆ.

"ಹೆಪ್ಪು ಕೆಟ್ರ ನಾವು ನೆರಿಮನ್ಯಾಗ ಕೇಳಿ ತರ್ತೀವ್ರಿ" ಎಂದೆ. "ನಿಮ್ಮದರಾಗ ನೆರಿಮನಿ ಇಲ್ಲೇನು?"

ಅವರು ತಲೆ ಎತ್ತಿದರು. ಊರೊಳಗೆ ಇಂಥದೇ ದೊಡ್ಡ ಕಾರ್ಖಾನೆ ಇತ್ತು. ಅಲ್ಲಿಂದ ಜೀವಂತ ಗಸಿ ತಂದು ಹಾಕಿದರೆ ಬೆಳೆದರೂ ಬೆಳೆಯಬಹುದು. ಎದ್ದು ಹೋಗಿ ಫೋನು ಮಾಡಿ ಬಂದರು. ನಾಳೆ ಬೆಳಿಗ್ಗೆ ಲಾರಿಯಲ್ಲಿ ಖಾಲಿ ಡ್ರಮ್ಮು ತಂದರೆ ಕೊಡುತ್ತಾರಂತೆ. "ನಾಳೆ ಶುಕ್ರವಾರ" ಎಂದೆ ನಾನು. "ಶುಕ್ರವಾರ ಹೆಪ್ಪು ಯಾರೂ ಮನಿಯಿಂದ ಹೊರಗ ಕೊಡಂಗಿಲ್ಲ." ಅವತ್ತು ಅವರು ನಕ್ಕದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಅಪ್ಪ ಬಂದರು. ಉದ್ದ ಕೋಟು, ಕರಿ ಟೊಪ್ಪಿಗೆ, ಒಂದು ಕೈಯಲ್ಲಿ ಬೆಳಗಾವಿಯ ಸಿಹಿ ಕುಂದಾದ ಡಬ್ಬಿ, ಇನ್ನೊಂದು ಕೈಯಲ್ಲಿ ಮೂಗಿಗೆ ಒತ್ತಿ ಹಿಡಿದ ಕರವಸ್ತ್ರ. ಸತ್ತ ತೊಟ್ಟಿ ಕೊಳೆಯಲು ಶುರುವಾಗಿ, ಆ ಎರಡು ವರ್ಷಗಳಲ್ಲಿ ಎಂದೂ ಇಲ್ಲದ ನಾತ ಕಂಪೌಂಡಿನ ತುಂಬ ಎದ್ದಿತ್ತು. ನನ್ನ ಗಂಡ ಹೋಗಿ ಕಾಲಿಗೆರಗಿ, "ಮಾವಾರ, ತಪ್ಪು ತಿಳೀಬ್ಯಾಡ್ರಿ. ತೊಟ್ಟಿ ಸತ್ತದ. ಇಲ್ಲಾಂದ್ರ ನಮ್ಮ ಕಾರ್ಖಾನಿ ಇಷ್ಟು ನಾರೂದಿಲ್ಲ" ಎಂದರು.

"ಯಾವ ತೊಟ್ಟಿ? ಎಂಥಾ ಕಾರ್ಖಾನಿ?" ಎಂದರು ಅಪ್ಪ.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಭೂಮಿ ಬಾಯಿ ತೆರೆಯಬಾರದೇ ಎನಿಸಿತು. ನನ್ನ ಗಂಡ ಬಹಳ ಮೆಲ್ಲಗೆ ಕೇಳಿದರು, "ಬರದಿಲ್ಲೇನು?" ನಾನು ತಲೆ ತಗ್ಗಿಸಿದೆ. ಅವರ ಮುಖ ಸಪ್ಪಗಾಯಿತು. ತೊಟ್ಟಿ ಸತ್ತಾಗಲೂ ಆ ಮುಖ ಹಾಗಾಗಿರಲಿಲ್ಲ. ಎರಡು ವರ್ಷ ಈಕೆ ನನ್ನ ಜೊತೆ ನಾಚಿಕೊಂಡೇ ಬಾಳಿದ್ದಾಳೆ ಎಂದು ಅವರಿಗೆ ತಿಳಿದುಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಸುಮ್ಮನೆ ಡ್ರಮ್ಮುಗಳನ್ನು ಲಾರಿಗೆ ಏರಿಸಲು ಹೋದರು.

ಅಪ್ಪ ಒಳಗೆ ಬಂದು ಕೂರಲಿಲ್ಲ. ಚಹಾ ಮುಟ್ಟಲಿಲ್ಲ. "ಅರಿವಿ ಕಟ್ಟು. ಇವತ್ತಿನ ಗಾಡಿಗೇ ಹೋಗೂಣು. ನಡುವಿನವರಿಗೆ ನಾ ಊರಿಗೆ ಹೋಗಿ ತೋರಸ್ತೀನಿ" ಎಂದು ಗುಡುಗಿದರು.

"ನಾ ಬರಂಗಿಲ್ಲಪ್ಪಾ."

"ಏನಂದಿ?"

"ಆ ತೊಟ್ಟಿ ಕೊಂದಾಕಿ ನಾನ. ನಿನ್ನ ಮುಂದ ಮರ್ಯಾದಿ ಉಳಿಸ್ಕೊಳ್ಳಾಕ ಹೋಗಿ ಅವರ ಅನ್ನದ ಮ್ಯಾಲ ಕಲ್ಲು ಹಾಕೀನಿ. ಗುರುವಾರ ತಪಾಸಣಿ ಐತಿ. ನೀರು ತಿಳಿ ಬರಲಿಲ್ಲಂದ್ರ ಅವರ ನೌಕರಿ ಹೋಗ್ತದ. ಅದು ಬದುಕೂತನಾ ನಾ ಎಲ್ಲಿಗೂ ಬರಂಗಿಲ್ಲ." ಎಲ್ಲವನ್ನೂ ಹೇಳಿಬಿಟ್ಟೆ, ಉಸಿರು ಬಿಡದೆ. ಅಪ್ಪನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

ಅಪ್ಪ ಬಾಗಿಲಲ್ಲಿ ನಿಂತು ಹೊರಗೆ ನೋಡಿದರು. ಲಾರಿ ತಯಾರಾಗಿತ್ತು; ಕೊರತೆ ಇದ್ದದ್ದು ಜನರದ್ದು. ಡ್ರಮ್ಮಿನಲ್ಲಿ ಗಸಿ ಸುಮ್ಮನೆ ಕೂತರೆ ಗಾಳಿ ಇಲ್ಲದೆ ಸೊರಗುತ್ತದೆ, ದಾರಿಯುದ್ದಕ್ಕೂ ಯಾರಾದರೂ ಬಿದಿರಿನಿಂದ ಮಜ್ಜಿಗೆಯಂತೆ ಕಡಿಯುತ್ತಿರಬೇಕು. ಮಾಮಾ ಜಾಳಿಗೆ ಬಿಟ್ಟರೆ ಕೊಳವೆ ಕಟ್ಟುತ್ತದೆ. ನನ್ನ ಗಂಡ ಹೋದರೆ, ಲಾರಿ ಬರುವುದರೊಳಗೆ ತೊಟ್ಟಿ ಬರಿದು ಮಾಡಿ ತಳದಲ್ಲಿ ಗಾಳಿ ಬಿಡುವ ತೂತಿನ ಬಿಲ್ಲೆಗಳನ್ನು ತೊಳೆಯುವವರು ಯಾರು? ಅವರು ಒಮ್ಮೆ ಲಾರಿ ಹತ್ತಿದರು, ಇಳಿದರು, ಮತ್ತೆ ಹತ್ತಿದರು.

ಅಪ್ಪ ಕರವಸ್ತ್ರ ಮಡಚಿ ಕಿಸೆಯಲ್ಲಿಟ್ಟರು. ಲಾರಿಯ ಹತ್ತಿರ ಹೋಗಿ, "ಇಳೀರಿ. ನಿಮ್ಮ ತೊಟ್ಟಿ ನೀವು ನೋಡ್ರಿ. ಕಡಿಯಾಕ ನನಗೂ ಬರ್ತದ" ಎಂದು ಧೋತರ ಎತ್ತಿ ಕಟ್ಟಿದರು.

ಅವರು ತಿರುಗಿ ಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು. ಲಾರಿಯ ಹಿಂದೆ, ಡ್ರಮ್ಮುಗಳ ನಡುವೆ ಕಾಲು ಅಗಲಿಸಿ ನಿಂತು, ಟೊಪ್ಪಿಗೆ ಓರೆಯಾಗಿ, ಕೋಟಿನ ತುಂಬ ಕಂದು ಕಲೆಗಳಾಗಿ, ನಮ್ಮಪ್ಪ ಇನ್ನೂ ಕಡಿಯುತ್ತಲೇ ಇದ್ದರು. "ಒಂದು ಗಳಿಗಿ ಕೈ ಬಿಟ್ಟಿಲ್ಲ ನೋಡ್ರಿ" ಎಂದು ಅಳಿಯನಿಗೆ ಹೇಳಿದರು. "ಕುರ್ಲಾದಾಗ ಗಾಡಿ ನಿಂತಾಗ ಮಂದಿ ಮೂಗು ಮುಚ್ಚಿ ನನ್ನ ನೋಡಿದ್ರು. ನೋಡ್ರಲೇ, ನಿಮ್ಮದ ಇದು, ಅಂದೆ." ಆಮೇಲೆ ಅಂಗಳದ ನಲ್ಲಿಯ ಕೆಳಗೆ ಮೂರು ಸಲ ಸ್ನಾನ ಮಾಡಿದರು, ಮೂರು ಸಲವೂ ಮಂತ್ರ ಹೇಳಿದರು. ಆ ಕೋಟನ್ನು ಮಾತ್ರ ನನಗೆ ಒಗೆಯಲು ಕೊಡದೆ ತಾವೇ ಒಗೆದುಕೊಂಡರು.

ಆ ಆರು ದಿನ ಮನೆಯಲ್ಲಿ ಬೇರೆ ಮಾತೇ ಇಲ್ಲ. ತಾಸಿಗೊಮ್ಮೆ ನನ್ನ ಗಂಡ ತೊಟ್ಟಿಯ ನೀರನ್ನು ಗಾಜಿನ ಜಾಡಿಯಲ್ಲಿ ತುಂಬಿ ತಂದು ನನ್ನ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರು. ಹೌದು, ಕಿಟಕಿ ತೆರೆದಿದ್ದೆ. ಅರ್ಧ ತಾಸು ಅಲುಗಾಡಿಸದೆ ಬಿಟ್ಟರೆ ಗಸಿ ಎಷ್ಟು ಇಳಿಯಿತು, ಮೇಲಿನ ನೀರು ಎಷ್ಟು ತಿಳಿಯಾಯಿತು ಎಂದು ನೋಡುವುದು. ಆರೋಗ್ಯ ನೋಡುವ ರೀತಿ ಅದೇ. ಶನಿವಾರ ಏನೂ ಇಳಿಯಲಿಲ್ಲ, ಅಕ್ಕಿ ತೊಳೆದ ನೀರಿನಂತೆ ಮಬ್ಬು. ರವಿವಾರ ಒಂದು ಬೆರಳು ಇಳಿಯಿತು. ಅಪ್ಪ ಕನ್ನಡಕ ಏರಿಸಿ ಜಾಡಿಯ ಮುಂದೆ ಕೂತು, "ಇಳಿಯವ್ವಾ ತಾಯಿ, ಇಳಿ" ಎನ್ನುತ್ತಿದ್ದರು. ಕಾಲನಿಯಿಂದ ಬರುವ ನೀರನ್ನು ಒಮ್ಮೆಗೇ ಬಿಡದೆ, ಕೂಸಿಗೆ ಹಾಲು ಕುಡಿಸಿದಂತೆ ಸ್ವಲ್ಪ ಸ್ವಲ್ಪ ಬಿಟ್ಟು, ಉಳಿದದ್ದನ್ನು ಖಾಲಿ ಇದ್ದ ಇನ್ನೊಂದು ತೊಟ್ಟಿಯಲ್ಲಿ ತಡೆದಿಡುತ್ತಿದ್ದರು ನನ್ನ ಗಂಡ. ನನ್ನ ಜೊತೆ ಬೇಕಾದಷ್ಟೇ ಮಾತು. ಜಾಡಿ ಇಡುವಾಗ "ಹುಷಾರು" ಎನ್ನುತ್ತಿದ್ದರು, ಅಷ್ಟೇ.

ಮಂಗಳವಾರ ಬೆಳಿಗ್ಗೆ ಎದ್ದಾಗ ಒಂದು ವಾಸನೆ ಬಂತು. ಹಸಿ ಮಣ್ಣಿನ ವಾಸನೆ. ಎಲ್ಲಿಂದ ಎಂದು ಹುಡುಕುತ್ತ ಹೋದೆ, ತೊಟ್ಟಿಯಿಂದ! ಎರಡು ವರ್ಷವೂ ಅದು ಹಾಗೇ ಇತ್ತಂತೆ, ಮೂಸಲು ನಾನೇ ಹೋಗಿರಲಿಲ್ಲ. ಕಟ್ಟೆಯ ಮೇಲೆ ಕೂತು ಮತ್ತೊಮ್ಮೆ ಅತ್ತೆ.

ಗುರುವಾರ ಸಾಹೇಬರು ಬಂದರು. ಕೊರಳಿಗೆ ಟೈ, ಹಿಂದೆ ಇಬ್ಬರು ಕಿರಿಯ ಅಧಿಕಾರಿಗಳು. ಪುಣೆ ಕಡೆಯವರು, ಮುಖದಲ್ಲಿ ನಗುವಿನ ಸುಳಿವಿಲ್ಲ. ಜಾಳಿಗೆ ನೋಡಿದರು, ಬ್ಲೋವರ್ ನೋಡಿದರು, ಜಾಡಿಯ ಮುಂದೆ ಗಡಿಯಾರ ಹಿಡಿದು ನಿಂತರು. ಗಸಿ ಚೆನ್ನಾಗಿಯೇ ಇಳಿಯಿತು. ಮೇಲಿನ ನೀರಿನಲ್ಲಿ ಮಾತ್ರ ತೆಳ್ಳಗೆ ಮಬ್ಬು ಉಳಿದಿತ್ತು. ಆಮೇಲೆ ದಿನಚರಿಯ ಪುಸ್ತಕ ತೆರೆದರು. ನನ್ನ ಗಂಡ ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ಆ ವಾರದ ಕೆಟ್ಟ ಲೆಕ್ಕವೆಲ್ಲ ಇದ್ದಂತೆ ಇತ್ತು. ಕಾರಣದ ಕಾಲಮ್ಮಿನಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಸಾಹೇಬರು ಮರಾಠಿಯಲ್ಲಿ ಓದಿದರು: ಆಪರೇಟರನ ತಪ್ಪಿನಿಂದ ತೊಟ್ಟಿಗೆ ಫಿನಾಯಿಲ್ ಮತ್ತು ಬ್ಲೀಚಿಂಗ್ ಪುಡಿ ಬಿದ್ದಿದೆ.

"ನೀನು ಹಾಕಿದೆಯಾ?"

"ಹೌದು ಸಾಹೇಬ."

"ಇಷ್ಟೂ ತಿಳಿಯದವನನ್ನು ಕಾಯಂ ಮಾಡು ಎಂದು ನಾನು ಹೇಗೆ ಬರೆಯಲಿ?"

ಬಾಗಿಲ ಹಿಂದೆ ನಿಂತಿದ್ದ ನಾನು ಇನ್ನು ತಡೆಯಲಿಲ್ಲ. ಸೆರಗು ಹೊದ್ದು, ಆ ಹೊಟ್ಟೆ ಹೊತ್ತುಕೊಂಡು, ನಾಲ್ಕು ಗಂಡಸರ ನಡುವೆ ಹೋಗಿ ನಿಂತೆ. ಬೆಳಗಾವಿಯವಳಿಗೆ ಮರಾಠಿ ಬರುತ್ತದಲ್ಲ, ಹೇಳಿದೆ:

"ಅವರು ಸುಳ್ಳು ಬರೆದಿದ್ದಾರೆ ಸಾಹೇಬರೇ. ಹಾಕಿದವಳು ನಾನು. ಎರಡು ವರ್ಷ ಈ ಮನೆಯಲ್ಲಿ ಉಂಡೆ. ನನ್ನ ಗಂಡ ಇಲ್ಲಿ ಏನು ಮಾಡುತ್ತಾರೆ ಎಂದು ಒಂದು ದಿನವೂ ಬಂದು ನೋಡಲಿಲ್ಲ. ನನಗೆ ಅವರ ಕೆಲಸದ ನಾಚಿಕೆ ಇತ್ತು. ನನ್ನ ತಂದೆಗೂ ಹೇಳದೆ ಮುಚ್ಚಿಟ್ಟೆ. ಅವರು ಬರುತ್ತಾರೆಂದು ವಾಸನೆ ತೊಳೆಯಲು ಹೋಗಿ ಕೊಂದೆ. ಬದುಕಿಸಿದ್ದು ಇವರು. ಶಿಕ್ಷೆ ಕೊಡುವುದಾದರೆ ನನಗೆ ಕೊಡಿ."

ಸಾಹೇಬರು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮುಂದಕ್ಕೆ ತಿರುವಿದರು. "ಕೀಲಿ ಮನೆಯಲ್ಲಿ ಬಿಟ್ಟದ್ದು ಇವನ ತಪ್ಪು. ಅದನ್ನು ಬರೆಯುತ್ತೇನೆ" ಎಂದು ಬರೆದರು. ಆಮೇಲೆ, "ಸತ್ತ ತೊಟ್ಟಿಯನ್ನು ಆರು ದಿನದಲ್ಲಿ ಎಬ್ಬಿಸಿದ್ದಾನೆ. ಅದನ್ನೂ ಬರೆಯುತ್ತೇನೆ" ಎಂದರು. ಬೇರೆ ಕಾಗದ ತೆಗೆಸಿ ಸಹಿ ಹಾಕಿದರು. ಕಾಯಂ! ನನ್ನ ಗಂಡ ಆ ಕಾಗದದ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ವಾರದ ಮೇಲೆ ಅವರು ನನ್ನ ಮುಖ ನೋಡಿದ್ದು ಆಗಲೇ.

ಜೀಪಿನವರೆಗೆ ನಾವೆಲ್ಲ ಹೋದೆವು, ಅಪ್ಪ ಸಾಹೇಬರೊಡನೆ ಮರಾಠಿಯಲ್ಲಿ ಮಾತಾಡುತ್ತ. ಕಿರಿಯ ಅಧಿಕಾರಿಗಳು ಹತ್ತಿ ಕೂತಿದ್ದರು. ಸಾಹೇಬರು ಹತ್ತದೆ ಬಾಗಿಲು ಹಿಡಿದುಕೊಂಡೇ ನಿಂತರು. ನಮ್ಮಪ್ಪನ ಕಡೆ ತಿರುಗಿ, ತಗ್ಗಿದ ಧ್ವನಿಯಲ್ಲಿ, "ನನ್ನ ಮನೆಯವರ ಪಾಲಿಗೆ ನಾನು ರಸ್ತೆ ಖಾತೆಯ ಇಂಜಿನಿಯರು. ಹಾಗೆ ಹೇಳಿ ಇಪ್ಪತ್ತು ವರ್ಷವಾಯಿತು" ಎಂದರು.

ಅಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಅಷ್ಟು ಹೊತ್ತು ಮರಾಠಿ ಆಡುತ್ತಿದ್ದವರು ಒಮ್ಮೆಲೇ ನಮ್ಮ ಮಾತಿಗೇ ಇಳಿದರು.

"ಹೇಳಿಬಿಡ್ರಿ, ಸಾಹೇಬ್ರ. ನನಗ ಹ್ವಾದ ಶುಕ್ರವಾರ ಗೊತ್ತಾತು. ಏನೂ ಆಗಲಿಲ್ಲ."